ಇನ್‌ಕ್ಲೈನ್, ಕ್ಲಿನಿಕ್, ಕ್ಲೈಮ್ಯಾಕ್ಸ್: ಒರಗುವ ಇಂಗ್ಲಿಷ್ ಪದಗಳನ್ನು ಬೇರಿನಿಂದ ಕಲಿಯುವ ಬಗೆ

ಮಂಗಳೂರು, ಉಡುಪಿ ಕಡೆ ಇಂಗ್ಲಿಷ್ ಪರೀಕ್ಷೆಗೆ ಓದುವವರಿಗೆ ಬರವಿಲ್ಲ. ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟವರು ಐಇಎಲ್‌ಟಿಎಸ್‌ಗೆ ಓದುತ್ತಾರೆ, ಡಿಗ್ರಿ ಮುಗಿದವರು ಬ್ಯಾಂಕ್ ಪರೀಕ್ಷೆಗೆ. ಎಲ್ಲರ ಹತ್ತಿರವೂ ಒಂದು ನೋಟ್ ಪುಸ್ತಕ ಉಂಟು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಇನ್‌ಕ್ಲಿನೇಶನ್ ಅಂದ್ರೆ ಒಲವು. ಪ್ರೊಪೆನ್ಸಿಟಿ ಅಂದ್ರೆ ಒಲವು. ಪ್ರೊಕ್ಲಿವಿಟಿ ಅಂದ್ರೆ ಒಲವು. ಪೆನ್‌ಚಂಟ್? ಅದೂ ಒಲವೇ. ನಾಲ್ಕಕ್ಕೂ ಒಂದೇ ಅರ್ಥ ಬರೆದುಕೊಂಡ ಮೇಲೆ ವಾಕ್ಯದಲ್ಲಿ ಯಾವುದನ್ನು ಎಲ್ಲಿ ಹಾಕುವುದು ಅಂತ ಗೊತ್ತಾಗುವುದಾದರೂ ಹೇಗೆ ಮಾರಾಯ್ರೆ?

ಈ ಗುಂಪನ್ನು ಬಾಯಿಪಾಠ ಮಾಡಬೇಡಿ. ಇಲ್ಲಿರುವ ಹೆಚ್ಚಿನ ಪದಗಳ ಒಳಗೆ ಒಂದು ಭಂಗಿ ಇದೆ. ಏನೋ ಒಂದು ನೆಟ್ಟಗೆ ನಿಂತಿಲ್ಲ, ಒಂದು ಕಡೆಗೆ ವಾಲಿದೆ. ಹಾಗಾಗಿ ಪದ ಎದುರಾದಾಗ ಮೊದಲು ಅರ್ಥ ಹುಡುಕುವ ಬದಲು, ವಾಲಿದ್ದು ಯಾವುದು, ಯಾವ ಕಡೆಗೆ ವಾಲಿದೆ ಅಂತ ಕೇಳಿ. ಮೈಯೋ, ಮನಸ್ಸೋ, ನೆಲವೋ, ಸೂರ್ಯನೋ? ಮುಂದಕ್ಕೋ, ಹಿಂದಕ್ಕೋ, ಆಚೆಗೋ? ಇಷ್ಟು ಗೊತ್ತಾದರೆ ಅರ್ಥ ಅರ್ಧ ಸಿಕ್ಕಿತು. ಉಳಿದರ್ಧ ಬಳಕೆಯಿಂದ ಬರಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಮೊದಲು ಬೇರು

ಇಂಗ್ಲಿಷ್, ಲ್ಯಾಟಿನ್, ಗ್ರೀಕ್, ಸಂಸ್ಕೃತ ಇವೆಲ್ಲ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರರ ನಂಟನ್ನು ಎತ್ತಿ ಹೇಳಿದ ಮೇಲೆ ಈ ವಿಷಯಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. ಆ ಮೂಲ ಭಾಷೆಯ ಬರಹ ಎಲ್ಲೂ ಸಿಕ್ಕಿಲ್ಲ. ಮಕ್ಕಳ ಮುಖ ನೋಡಿ ಅಜ್ಜನ ಮುಖ ಊಹಿಸಿದ ಹಾಗೆ ವಿದ್ವಾಂಸರು ಅದನ್ನು ಕಟ್ಟಿಕೊಂಡಿದ್ದಾರೆ. ಅದರಲ್ಲಿ ಒರಗು ಅನ್ನುವ ಅರ್ಥಕ್ಕೆ 'ಕ್ಲೇಯ್' ಅಂತ ಒಂದು ಧಾತು. ನಾವು ಇಲ್ಲಿ ನೋಡುವ ಇಂಗ್ಲಿಷ್ ಪದಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದ ಬಂದವು.

ಒರಗುವುದಕ್ಕೆ ಇಂಗ್ಲಿಷ್‌ನಲ್ಲಿ ಲೀನ್ ಅನ್ನುತ್ತಾರಲ್ಲ, ಅದೂ ಇದೇ ಬೇರಿನದ್ದು. ಆದರೆ ಅದರಲ್ಲಿ ಕ ಎಲ್ಲಿ ಹೋಯಿತು? ಇಲ್ಲಿ ಒಂದು ಧ್ವನಿ ನಿಯಮ ಗೊತ್ತಿದ್ದರೆ ತುಂಬಾ ಕಡೆ ಉಪಯೋಗಕ್ಕೆ ಬರುತ್ತದೆ. ಮೂಲದ ಕ ಇಂಗ್ಲಿಷ್, ಜರ್ಮನ್ ಗುಂಪಿಗೆ ಬರುವಾಗ ಹ ಆಯಿತು. ಇದೇ ಕ ಧ್ವನಿಯ ಒಂದು ಬಗೆ ಸಂಸ್ಕೃತದಲ್ಲಿ ಶ ಆಯಿತು. ನೂರಕ್ಕೆ ಲ್ಯಾಟಿನ್‌ನಲ್ಲಿ ಕೆಂಟುಮ್, ಸಂಸ್ಕೃತದಲ್ಲಿ ಶತ, ಇಂಗ್ಲಿಷ್‌ನಲ್ಲಿ ಹಂಡ್ರೆಡ್. ನಾಯಿಗೆ ಲ್ಯಾಟಿನ್‌ನಲ್ಲಿ ಕಾನಿಸ್, ಸಂಸ್ಕೃತದಲ್ಲಿ ಶ್ವಾನ, ಇಂಗ್ಲಿಷ್‌ನಲ್ಲಿ ಹೌಂಡ್. ಇಂಗ್ಲಿಷ್ ಕಡೆಯ ಈ ಬದಲಾವಣೆಯನ್ನು ಯಾಕೋಬ್ ಗ್ರಿಮ್ 1822ರಲ್ಲಿ ವಿವರಿಸಿದ. ಹೌದು, ಮಕ್ಕಳ ಕಥೆ ಸಂಗ್ರಹಿಸಿದ ಗ್ರಿಮ್ ಅಣ್ಣತಮ್ಮಂದಿರಲ್ಲಿ ದೊಡ್ಡವನೇ.

ಈಗ ಇದನ್ನು ಕ್ಲೇಯ್‌ಗೆ ಹಚ್ಚಿ ನೋಡಿ. ಹಳೆ ಇಂಗ್ಲಿಷ್‌ನಲ್ಲಿ ಒರಗುವುದಕ್ಕೆ ಹ್ಲಿನಿಯನ್ ಅಂತಿತ್ತು. ಮುಂದಿನ ಹ ಬಿದ್ದುಹೋಗಿ ಲೀನ್ ಆಯಿತು. ಹಳೆ ಇಂಗ್ಲಿಷ್‌ನಲ್ಲಿ ಏಣಿಗೆ ಹ್ಲ್ಯಾಡರ್. ಅಲ್ಲೂ ಹ ಬಿದ್ದು ಲ್ಯಾಡರ್. ಗೋಡೆಗೆ ಒರಗಿಸುವ ವಸ್ತು ಅಲ್ವಾ, ಹೆಸರು ಸರಿಯಾಗಿಯೇ ಬಿದ್ದಿದೆ.

ಸಂಸ್ಕೃತದಲ್ಲಿ ಇದೇ ಬೇರು 'ಶ್ರಿ' ಧಾತು. ಅದರಿಂದಲೇ ಆಶ್ರಯ, ಆಶ್ರಿತ. ಯಾರನ್ನಾದರೂ ಆಶ್ರಯಿಸುವುದು ಅಂದರೆ ಮೂಲದಲ್ಲಿ ಅವರಿಗೆ ಒರಗಿ ನಿಲ್ಲುವುದು. ಏಣಿಗೆ ಸಂಸ್ಕೃತದಲ್ಲಿ ನಿಃಶ್ರೇಣಿ. ಅದೇ ಹಳಗನ್ನಡದ ಕಡೆ ಬಂದು ನಿಚ್ಚಣಿಕೆ ಆಯಿತು. ನಮ್ಮ ಊರಿನ ಕೊಂಕಣಿ ಮನೆಗಳಲ್ಲಿ ಏಣಿಗೆ ನಿಸಣ್ ಅನ್ನುವುದನ್ನು ಕೇಳಿರುತ್ತೀರಿ, ಅದೂ ಇದೇ. ಹಾಗಾಗಿ ತೆಂಗಿನಮರಕ್ಕೆ ಒರಗಿಸಿಟ್ಟ ನಿಸಣ್ ಮತ್ತು ಇಂಗ್ಲಿಷರ ಲ್ಯಾಡರ್ ಒಂದೇ ಮನೆತನದವು. ಎರಡರ ದಾರಿ ಬೇರೆಯಾಗಿ ಸಾವಿರಾರು ವರ್ಷ ಆಗಿದೆ, ಅಷ್ಟೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡ, ತುಳು ಎರಡೂ ದ್ರಾವಿಡ ಭಾಷೆಗಳು. ಒರಗು, ವಾಲು, ಬಾಗು, ಏಣಿ ಇವಕ್ಕೂ ಕ್ಲೇಯ್‌ಗೂ ಯಾವ ನಂಟೂ ಇಲ್ಲ. ಧ್ವನಿ ಸ್ವಲ್ಪ ಹೊಂದಿತು ಅಂತ ಸುಮ್ನೆ ನಂಟು ಕಟ್ಟಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಅಂಥದ್ದು ಬೇಕಾದಷ್ಟು ಓಡಾಡುತ್ತದೆ. ಒಂದು ಕನ್ನಡ ಪದ ಸಂಸ್ಕೃತದಿಂದ ಬಂದದ್ದೋ ಅಲ್ಲವೋ ಅಂತ ಅನುಮಾನ ಬಂದರೆ ಕಿಟ್ಟೆಲ್ ನಿಘಂಟು ತೆಗೆಯಿರಿ. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್‌ನವರು ಅಚ್ಚು ಹಾಕಿದ್ದು. ತದ್ಭವ ಆದರೆ ತದ್ಭವ ಅಂತ ಗುರುತು ಹಾಕಿಯೇ ಕೊಟ್ಟಿದ್ದಾರೆ. ಆಶ್ರಯದ ಜೊತೆ ಆಶ್ರಮವನ್ನೂ ಸೇರಿಸಿಬಿಡುವವರಿದ್ದಾರೆ. ಅದು 'ಶ್ರಮ್' ಧಾತುವಿನದ್ದು, ದುಡಿಮೆಯ ಕಡೆಯದು.

ಮೂರು ಕ್ಲೈನ್‌ಗಳು

ಲ್ಯಾಟಿನ್‌ನಲ್ಲಿ ಒರಗಿಸು ಅನ್ನುವುದಕ್ಕೆ ಕ್ಲಿನಾರೆ. ಅದು ಒಂಟಿಯಾಗಿ ಬರುವುದು ಕಮ್ಮಿ, ಮುಂದೆ ಏನಾದರೂ ಅಂಟಿಕೊಂಡೇ ಬರುತ್ತದೆ. ಮುಂದಿನ ತುಂಡು ದಿಕ್ಕು ಹೇಳುತ್ತದೆ. ಇನ್ ಅಂದರೆ ಕಡೆಗೆ, ಡಿ ಅಂದರೆ ಆಚೆಗೆ ಅಥವಾ ಕೆಳಗೆ, ರಿ ಅಂದರೆ ಹಿಂದಕ್ಕೆ.

ರಿಕ್ಲೈನ್ ಎಲ್ಲಕ್ಕಿಂತ ಸುಲಭ. ಹಿಂದಕ್ಕೆ ಒರಗುವುದು. ಬೆಂಗಳೂರಿನ ನೈಟ್ ಬಸ್ಸಿನಲ್ಲಿ ಮುಂದಿನ ಸೀಟಿನವರು ಪುಶ್‌ಬ್ಯಾಕ್ ಒತ್ತಿ ನಿಮ್ಮ ಮೊಣಕಾಲಿನ ಮೇಲೆ ಬರುತ್ತಾರಲ್ಲ, ಅದೇ. ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಇನ್‌ಕ್ಲೈನ್‌ಗೆ ಎರಡು ಮುಖ. ನೆಲ ಒರಗಿದರೆ ಅದು ಏರು ಅಥವಾ ಇಳಿಜಾರು, ಮನಸ್ಸು ಒರಗಿದರೆ ಒಲವು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿ ಒಂದು ಇನ್‌ಕ್ಲೈನ್. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ ಹತ್ತುವ ರೈಲು ದಾರಿಯೂ ಹಾಗೆಯೇ. ಅಲ್ಲಿನ ಕಡಿದಾದ ಏರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲಕ್ಕೆ. ಆ ಲೆಕ್ಕಕ್ಕೆ ಇಂಜಿನಿಯರುಗಳು ಗ್ರೇಡಿಯೆಂಟ್ ಅನ್ನುತ್ತಾರೆ. ಅದು ಬೇರೆ ಬೇರು, ಹೆಜ್ಜೆ ಅನ್ನುವ ಅರ್ಥದ್ದು. ಉಚ್ಚಾರದಲ್ಲೂ ಒಂದು ಸೂಕ್ಷ್ಮ ಉಂಟು. ಏರು ಅಂತ ನಾಮಪದವಾಗಿ ಹೇಳುವಾಗ ಒತ್ತು ಮೊದಲಿನ 'ಇನ್' ಮೇಲೆ, ಕ್ರಿಯಾಪದವಾದಾಗ ಕೊನೆಯ 'ಕ್ಲೈನ್' ಮೇಲೆ. ಮನಸ್ಸಿನ ವಿಷಯಕ್ಕೆ ಬಂದರೆ ಐ ಆ್ಯಮ್ ಇನ್‌ಕ್ಲೈನ್ಡ್ ಟು ಅಗ್ರೀ ಅಂತ ಹೇಳುವವರು ಪೂರ್ತಿ ಒಪ್ಪಿಲ್ಲ, ಒಪ್ಪುವ ಕಡೆಗೆ ವಾಲಿದ್ದಾರೆ. ಈ ಸಣ್ಣ ಅಂತರ ಐಇಎಲ್‌ಟಿಎಸ್ ಪ್ರಬಂಧದಲ್ಲಿ ನಿಮಗೆ ಬೇಕಾಗುತ್ತದೆ. ಐ ಅಗ್ರೀ ಅಂತ ಬರೆದು ಮುಂದಿನ ಪ್ಯಾರಾದಲ್ಲಿ ಆದರೆ ಅಂತ ಶುರು ಮಾಡುವುದಕ್ಕಿಂತ ಇದು ಎಷ್ಟೋ ಚೆನ್ನ.

ಡಿಕ್ಲೈನ್ ಸ್ವಲ್ಪ ಎಡವಟ್ಟಿನ ಪದ. ಆಚೆಗೆ ಒರಗುವುದು ಅನ್ನುವುದರಿಂದ ಕೆಳಗಿಳಿಯುವುದು, ಕುಗ್ಗುವುದು ಅನ್ನುವ ಅರ್ಥ ಬಂತು. ಬೇಡ ಅಂತ ಹೇಳುವ ಅರ್ಥವೂ ಬಂತು. ಯಾರೋ ಕರೆದಾಗ ಮೈಯನ್ನು ಸ್ವಲ್ಪ ಆಚೆ ಸರಿಸಿದ ಹಾಗೆ. ಆದ್ದರಿಂದ ಇದು ಮರ್ಯಾದೆಯ ಬೇಡ. ರಿಜೆಕ್ಟ್ ಹಾಗಲ್ಲ. ಅದರ ಮೂಲಾರ್ಥ ಹಿಂದಕ್ಕೆ ಎಸೆಯುವುದು. ಮದುವೆಗೆ ಬರಲು ಆಗದಿದ್ದರೆ ಆಮಂತ್ರಣವನ್ನು ಡಿಕ್ಲೈನ್ ಮಾಡಿ, ರಿಜೆಕ್ಟ್ ಮಾಡಿದರೆ ಸಂಬಂಧ ಕೆಡುತ್ತದೆ. ನಮ್ಮ ಕಡೆ ಜಾಸ್ತಿ ಆಗುವ ತಪ್ಪು ಇನ್ನೊಂದು. ಹಿ ಡಿನೈಡ್ ಟು ಕಮ್ ಅಂತ ಬರೆಯುತ್ತಾರೆ. ಡಿನೈ ಅಂದರೆ ಹಾಗಲ್ಲ, ಅದು ಸುಳ್ಳು ಅಂತ ಹೇಳುವುದು. ಬರುವುದಿಲ್ಲ ಅಂದದ್ದಕ್ಕೆ ಹಿ ಡಿಕ್ಲೈನ್ಡ್ ಟು ಕಮ್. ಗಟ್ಟಿಯಾಗಿ ಹೇಳಬೇಕಾದರೆ ರೆಫ್ಯೂಸ್ಡ್.

ವ್ಯಾಕರಣದಲ್ಲಿ ಡಿಕ್ಲೆನ್ಶನ್ ಅಂತ ಒಂದು ಪದ ಇದೆ, ನಾಮಪದಕ್ಕೆ ವಿಭಕ್ತಿ ಹಚ್ಚುವುದು. ಹಳೆ ಕಾಲದ ಗ್ರೀಕ್, ರೋಮನ್ ವ್ಯಾಕರಣದವರ ಕಣ್ಣಿನಲ್ಲಿ ಪ್ರಥಮಾ ವಿಭಕ್ತಿ ನೆಟ್ಟಗೆ ನಿಂತ ರೂಪ, ಉಳಿದವು ಅಲ್ಲಿಂದ ವಾಲಿದವು, ಬಿದ್ದವು. ವಿಭಕ್ತಿಗೆ ಇಂಗ್ಲಿಷ್‌ನಲ್ಲಿ ಕೇಸ್ ಅನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲದ ಅರ್ಥವೂ ಬೀಳುವುದು ಅಂತಲೇ. ಇನ್ನೊಂದು ಪದ ಎನ್‌ಕ್ಲಿಟಿಕ್. ಇದು ಗ್ರೀಕ್ ಕಡೆಯದು. ಹಿಂದಿನ ಪದಕ್ಕೆ ಒರಗಿಕೊಂಡೇ ಬದುಕುವ ಸಣ್ಣ ತುಂಡು. ಅವನೂ, ಅವಳೇ, ನೀನಾ ಇವುಗಳ ಕೊನೆಯ ಊ, ಏ, ಆ ನೋಡಿ. ಒಂಟಿಯಾಗಿ ನಿಲ್ಲುವುದಿಲ್ಲ. ಕನ್ನಡ ಎಂ.ಎ. ಓದುವವರಿಗೆ ಭಾಷಾವಿಜ್ಞಾನದ ಪೇಪರಿನಲ್ಲಿ ಈ ಪದ ಸಿಗುತ್ತದೆ, ಆಗ ಹೆದರಬೇಕಾಗಿಲ್ಲ.

ಮಂಚ, ಓರೆ ಭೂಮಿ, ಏಣಿ

ಗ್ರೀಕ್‌ನಿಂದ ಬಂದ ಮೂರು ಪದಗಳನ್ನು ನಾವು ದಿನಾ ಕನ್ನಡದಲ್ಲೇ ಬಳಸುತ್ತೇವೆ. ಕ್ಲಿನಿಕ್, ಕ್ಲೈಮೇಟ್, ಕ್ಲೈಮ್ಯಾಕ್ಸ್. ಇವು ಅಣ್ಣತಮ್ಮಂದಿರು ಅಂತ ಹೇಳಿದರೆ ಮಕ್ಕಳು ನಂಬುವುದಿಲ್ಲ. ನನಗೆ ಈ ಗುಂಪಿನಲ್ಲಿ ಹೆಚ್ಚು ಇಷ್ಟವಾದ ಭಾಗ ಇದೇ.

ಗ್ರೀಕರಲ್ಲಿ ಒರಗುವುದಕ್ಕೆ ಕ್ಲೀನೆಯ್ನ್. ಒರಗುವ ಜಾಗ, ಅಂದರೆ ಮಂಚ, ಅದಕ್ಕೆ ಕ್ಲೀನೆ. ಅವರು ಔತಣದಲ್ಲಿ ಊಟವನ್ನೂ ಈ ಮಂಚದ ಮೇಲೆ ಓರೆಯಾಗಿ ಒರಗಿಕೊಂಡೇ ಮಾಡುತ್ತಿದ್ದರು. ರೋಮನ್ನರು ಊಟದ ಕೋಣೆಗೆ ಟ್ರಿಕ್ಲಿನಿಯಂ ಅಂತಲೇ ಹೆಸರಿಟ್ಟರು, ಮೂರು ಮಂಚದ ಕೋಣೆ ಅಂತ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುವ ಉಡುಪಿಯವರಿಗೆ ಇದು ಸ್ವಲ್ಪ ವಿಚಿತ್ರವೇ. ಸಾರು ಹೇಗೆ ಉಣ್ಣುತ್ತಿದ್ದರೋ! ಇರಲಿ. ಮಂಚ ಹಿಡಿದ ರೋಗಿಯ ಬಳಿಗೆ ಹೋಗಿ ನೋಡುವ ವೈದ್ಯ ಕ್ಲಿನಿಕೋಸ್. ಇಂಗ್ಲಿಷ್‌ಗೆ ಮೊದಲು ಬಂದಾಗ ಕ್ಲಿನಿಕ್ ಅಂದರೆ ಹಾಸಿಗೆ ಹಿಡಿದ ರೋಗಿ. ಆಮೇಲೆ 19ನೇ ಶತಮಾನದಲ್ಲಿ ಫ್ರೆಂಚರ ದಾರಿಯಿಂದ, ರೋಗಿಯ ಹಾಸಿಗೆ ಪಕ್ಕದಲ್ಲೇ ನಿಂತು ವಿದ್ಯಾರ್ಥಿಗಳಿಗೆ ಪಾಠ ಮಾಡುವುದು ಅನ್ನುವ ಅರ್ಥ ಬಂತು. ಮಣಿಪಾಲದಲ್ಲಿ, ಮಂಗಳೂರಿನಲ್ಲಿ ಮೆಡಿಕಲ್ ಓದುವ ಮಕ್ಕಳು ಕ್ಲಿನಿಕಲ್ ಪೋಸ್ಟಿಂಗ್ ಅಂತ ಬಿಳಿ ಕೋಟು ಹಾಕಿ ವಾರ್ಡಿಗೆ ಹೋಗುತ್ತಾರಲ್ಲ, ಹಳೆ ಅರ್ಥ ಅಲ್ಲಿ ಇನ್ನೂ ಗಟ್ಟಿಯಾಗಿದೆ. ನಮ್ಮ ಪೇಟೆಯ ಕ್ಲಿನಿಕ್‌ನಲ್ಲಿ ಮಾತ್ರ ಹೆಚ್ಚಾಗಿ ಬೆಂಚು, ಟೋಕನ್, ಒಂದು ಫ್ಯಾನು. ಮಂಚದ ಹೆಸರಿನ ಜಾಗದಲ್ಲಿ ಒರಗಲು ಗೋಡೆ ಮಾತ್ರ.

ಕ್ಲೈಮೇಟ್‌ನಲ್ಲಿ ಒರಗಿದ್ದು ಭೂಮಿ. ಗ್ರೀಕ್‌ನಲ್ಲಿ ಕ್ಲೀಮ ಅಂದರೆ ಇಳಿಜಾರು, ಓರೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹೋದ ಹಾಗೆ ಸೂರ್ಯ ಹೆಚ್ಚು ಹೆಚ್ಚು ಓರೆಯಾಗಿ ಕಾಣುತ್ತಾನೆ, ಬೇಸಿಗೆಯ ಹಗಲು ಉದ್ದವಾಗುತ್ತಾ ಹೋಗುತ್ತದೆ. ಇದನ್ನು ಹಿಡಿದು ಹಳಬರು ಭೂಮಿಯನ್ನು ಪಟ್ಟಿಗಳಾಗಿ ಹಂಚಿದರು. ಏಳು ಪಟ್ಟಿಗಳ ಲೆಕ್ಕ ತುಂಬಾ ಪ್ರಸಿದ್ಧ. ಮೊದಲನೆಯದು ನೈಲ್ ನದಿ ದಡದ ಮೆರೊಯೆ, ಅಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆ. ಅಲ್ಲಿಂದ ಅರ್ಧರ್ಧ ಗಂಟೆ ಏರಿಸುತ್ತಾ ಏಳನೆಯದಕ್ಕೆ 16 ಗಂಟೆ. ಮಂಗಳೂರಿನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಹಾಗಾಗಿ ನಾವು ಆ ಲೆಕ್ಕದ ಮೊದಲ ಪಟ್ಟಿಗಿಂತಲೂ ದಕ್ಷಿಣಕ್ಕೆ ಬೀಳುತ್ತೇವೆ. ಅಂದರೆ ಕ್ಲೈಮೇಟ್ ಮೊದಲು ಓರೆ, ಆಮೇಲೆ ಪ್ರದೇಶ, ಕೊನೆಗೆ ಆ ಪ್ರದೇಶದ ಹವೆ. ಕ್ಲೈಮೇಟ್ ಮತ್ತು ವೆದರ್ ನಡುವೆ ಗೊಂದಲ ಇರುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು. ಕ್ಲೈಮೇಟ್ ಊರಿಗೆ ಅಂಟಿದ್ದು, ಬೇಗ ಬದಲಾಗುವುದಿಲ್ಲ. ಇವತ್ತು ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಳೆ ಅನ್ನುವುದು ವೆದರ್.

ಕ್ಲೈಮ್ಯಾಕ್ಸ್ ಅಂದರೆ ಗ್ರೀಕ್‌ನಲ್ಲಿ ಏಣಿ. ಸುಮ್ನೆ ಏಣಿ. ಭಾಷಣ ಕಲೆಯ ಪಂಡಿತರು ಈ ಪದವನ್ನು ಎತ್ತಿಕೊಂಡರು. ಒಂದು ಮಾತಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗುವ ಬಗೆಗೆ ಕ್ಲೈಮ್ಯಾಕ್ಸ್ ಅಂದರು. ಆಗ ಅದು ಇಡೀ ಏರುವಿಕೆಯ ಹೆಸರು. ಕಾಲ ಕಳೆದ ಹಾಗೆ ಜನ ಕೊನೆಯ ಮೆಟ್ಟಿಲಿಗೆ ಮಾತ್ರ ಆ ಹೆಸರು ಕೊಟ್ಟರು. ಈಗ ಸಿನಿಮಾದ ಕೊನೆಯ ಫೈಟ್ ಕ್ಲೈಮ್ಯಾಕ್ಸ್. ಏಣಿ ಮಾಯವಾಗಿ ತುದಿ ಮಾತ್ರ ಉಳಿಯಿತು. ಇದರ ಜೊತೆಗೇ ಕ್ಲೈಮ್ಯಾಕ್ಟರಿಕ್ ಅಂತ ಒಂದು ಪದ ಇದೆ, ಮೂಲದಲ್ಲಿ ಏಣಿಯ ಮೆಟ್ಟಿಲು. ಕೃಷಿ, ತೋಟಗಾರಿಕೆ ಓದಿದವರಿಗೆ ಗೊತ್ತಿರುತ್ತದೆ. ಕಿತ್ತ ಮೇಲೂ ಹಣ್ಣಾಗುವ ಬಾಳೆ, ಮಾವು, ಹಲಸು ಇವೆಲ್ಲ ಕ್ಲೈಮ್ಯಾಕ್ಟರಿಕ್ ಹಣ್ಣುಗಳು. ಹಣ್ಣಾಗುವ ಹೊತ್ತಿಗೆ ಅವುಗಳ ಉಸಿರಾಟ ಒಮ್ಮೆಲೇ ಏರುತ್ತದೆ. ಅನಾನಸು, ದ್ರಾಕ್ಷಿ ಹಾಗಲ್ಲ, ಕಿತ್ತಾಗ ಎಷ್ಟು ಸಿಹಿಯೋ ಅಷ್ಟೇ.

ಭೂಗೋಳದವರಿಗೆ ಇನ್ನೆರಡು ಇವೆ. ಸಿಂಕ್ಲೈನ್, ಆ್ಯಂಟಿಕ್ಲೈನ್. ಬಂಡೆಯ ಪದರಗಳು ಎರಡೂ ಬದಿಯಿಂದ ಒಂದರ ಕಡೆಗೊಂದು ಇಳಿದು ತಗ್ಗಾದರೆ ಸಿಂಕ್ಲೈನ್, ಎರಡೂ ಬದಿಗೆ ದೂರ ಇಳಿದು ಉಬ್ಬಾದರೆ ಆ್ಯಂಟಿಕ್ಲೈನ್. ಸಿನ್ ಅಂದರೆ ಜೊತೆಗೆ, ಆ್ಯಂಟಿ ಅಂದರೆ ಎದುರು.

ಒಲವಿನ ನಾಲ್ಕು ಪದ

ಈಗ ಶುರುವಿನ ನೋಟ್ ಪುಸ್ತಕಕ್ಕೆ ಬರೋಣ. ಇನ್‌ಕ್ಲಿನೇಶನ್ ಆಯಿತು. ಮನಸ್ಸು ಆ ಕಡೆಗೆ ಸ್ವಲ್ಪ ವಾಲಿದೆ, ಅಷ್ಟೆ. ಒಳ್ಳೆಯದು ಕೆಟ್ಟದ್ದು ಎರಡಕ್ಕೂ ಸಲ್ಲುತ್ತದೆ.

ಪ್ರೊಕ್ಲಿವಿಟಿಯಲ್ಲಿ ಇರುವುದು ಲ್ಯಾಟಿನ್‌ನ ಕ್ಲಿವುಸ್, ಇಳಿಜಾರು. ಇದೂ ಅದೇ ಕ್ಲೇಯ್ ಬೇರಿನದ್ದೇ. ಪ್ರೊ ಅಂದರೆ ಮುಂದಕ್ಕೆ. ಮುಂದಕ್ಕೆ ಇಳಿಜಾರಾಗಿರುವ ಮನಸ್ಸು, ಬಿಟ್ಟರೆ ತಾನಾಗಿಯೇ ಜಾರುತ್ತದೆ. ಹಾಗಾಗಿ ಹೆಚ್ಚಾಗಿ ಒಳ್ಳೆಯದಲ್ಲದ ಚಟಗಳಿಗೆ ಬಳಸುತ್ತಾರೆ. ಜೂಜಿನ ಪ್ರೊಕ್ಲಿವಿಟಿ ಸರಿ, ದಾನ ಮಾಡುವ ಪ್ರೊಕ್ಲಿವಿಟಿ ಅಂದರೆ ತಮಾಷೆ ಅನಿಸುತ್ತದೆ. ಇದರ ಜೊತೆ ನೆಲದ ಇಳಿತಕ್ಕೆ ಡಿಕ್ಲಿವಿಟಿ, ಏರಿಗೆ ಅಕ್ಲಿವಿಟಿ. ಪರೀಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ನೋಡುವುದು ಕಷ್ಟ.

ಪ್ರೊಪೆನ್ಸಿಟಿ ಒರಗುವುದಲ್ಲ, ನೇತಾಡುವುದು. ಲ್ಯಾಟಿನ್‌ನಲ್ಲಿ ಪೆಂಡೇರೆ ಅಂದರೆ ನೇತಾಡು. ಮುಂದಕ್ಕೆ ನೇತಾಡಿದ್ದು ಪ್ರೊಪೆನ್ಸಿಟಿ. ಒಬ್ಬ ವ್ಯಕ್ತಿಯಲ್ಲೋ ಒಂದು ವಸ್ತುವಿನಲ್ಲೋ ಇರುವ ಸ್ವಭಾವದ ಎಳೆತ. ಅರ್ಥಶಾಸ್ತ್ರದವರು ಕೈಗೆ ಬಂದ ಹೊಸ ಆದಾಯದಲ್ಲಿ ಎಷ್ಟು ಪಾಲು ಖರ್ಚಾಗುತ್ತದೆ ಅನ್ನುವುದನ್ನು ಮಾರ್ಜಿನಲ್ ಪ್ರೊಪೆನ್ಸಿಟಿ ಟು ಕನ್ಸ್ಯೂಮ್ ಅನ್ನುತ್ತಾರೆ, ಪಿಯುಸಿ ಕಾಮರ್ಸ್ ಮಕ್ಕಳಿಗೆ ಇದು ಗೊತ್ತು. ಅಲ್ಲಿ ಇನ್‌ಕ್ಲಿನೇಶನ್ ಹಾಕಿದರೆ ನಡೆಯುವುದಿಲ್ಲ. ಡಿಪೆಂಡ್, ಪೆಂಡಿಂಗ್, ಸಸ್ಪೆಂಡ್ ಎಲ್ಲ ಇದೇ ನೇತಾಡುವ ಮನೆತನ. ಆಫೀಸಿನಲ್ಲಿ ಫೈಲ್ ಪೆಂಡಿಂಗ್ ಅಂದರೆ ನಿಜಕ್ಕೂ ನೇತಾಡುತ್ತಿದೆ ಅಂತಲೇ. ಪೆನ್‌ಚಂಟ್ ಇದೇ ಬೇರು ಫ್ರೆಂಚರ ಕೈಗೆ ಹೋಗಿ ಒರಗುವ ಅರ್ಥ ಪಡೆದು ವಾಪಸ್ ಬಂದದ್ದು. ಅದು ರುಚಿ, ಶೋಕಿ. ಬಂಗುಡೆ ಪುಳಿಮುಂಚಿ ಅಂದರೆ ಬಿಡುವುದಿಲ್ಲ ಅನ್ನುವವರಿಗೆ ಅದರ ಬಗ್ಗೆ ಪೆನ್‌ಚಂಟ್ ಉಂಟು. ಅಮೆರಿಕದವರು ಪೆನ್‌ಚಂಟ್ ಅಂತಾರೆ, ಬ್ರಿಟನ್ನಿನವರು ಫ್ರೆಂಚರ ಹಾಗೆ ಪಾನ್‌ಶಾನ್ ಅಂತ ಮೂಗಿನಲ್ಲಿ. ಇದರ ನಂತರ ಯಾವಾಗಲೂ ಫಾರ್.

ಇನ್ನೊಂದು ಪದ ನಮ್ಮ ಪತ್ರಿಕೆಗಳಲ್ಲಿ ಚುನಾವಣೆ ಬಂದರೆ ಸಾಕು, ಮಳೆ ಸುರಿದ ಹಾಗೆ. ಆ್ಯಂಟಿ ಇನ್‌ಕಂಬೆನ್ಸಿ. ಇನ್‌ಕಂಬೆಂಟ್ ಲ್ಯಾಟಿನ್‌ನಲ್ಲಿ ಮೇಲೆ ಒರಗಿ ಮಲಗಿದ್ದು. ಕುರ್ಚಿಯ ಮೇಲೆ ಈಗಾಗಲೇ ಇರುವವರು ಅನ್ನುವ ಅರ್ಥ ಚರ್ಚಿನ ಹುದ್ದೆಗಳಿಂದ ಬಂತು. ಮೊಟ್ಟೆಗೆ ಕಾವು ಕೂರುವ ಇನ್‌ಕ್ಯುಬೇಟ್, ಸೋತು ಕೆಳಗೆ ಬೀಳುವ ಸಕಂಬ್, ಮಲಗುವ ಕೋಣೆಯಾಗಿದ್ದ ಕ್ಯೂಬಿಕಲ್, ಎಲ್ಲ ಮಲಗುವ ಬೇರಿನವು. ಐಟಿಯವರು ಕ್ಯೂಬಿಕಲ್‌ನಲ್ಲಿ ತೂಕಡಿಸಿದರೆ ಬೈಯಬೇಡಿ.

ಕಣ್ಣಿಗೆ ಕಾಣುವ ವಾಲುವಿಕೆ

ವಸ್ತು ವಾಲಿದಾಗ ಯಾವ ಪದ? ಇಲ್ಲಿ ಬೇರಿಗಿಂತ ಜಾಗ ಮುಖ್ಯ. ಉಳ್ಳಾಲದ ಕಡೆ ಸಮುದ್ರಕ್ಕೆ ವಾಲಿ ನಿಂತ ತೆಂಗಿನಮರ ಲೀನ್ ಆಗಿದೆ. ಪೀಸಾದ ಗೋಪುರವೂ ಲೀನಿಂಗ್. 1990ರಿಂದ 2001ರವರೆಗೆ ಕೆಲಸ ಮಾಡಿ ಅದರ ವಾಲುವಿಕೆಯನ್ನು ಸುಮಾರು 5.5 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಿದರು. ಪೂರ್ತಿ ನೆಟ್ಟಗೆ ಮಾಡಲಿಲ್ಲ, ಮಾಡಿದ್ದರೆ ನೋಡಲು ಯಾರು ಹೋಗುತ್ತಿದ್ದರು? ಮನೆಯ ಗೋಡೆಗೆ ತಾಗಿಸಿ ಒಂದೇ ಕಡೆಗೆ ಇಳಿಸಿದ ಮಾಡಿಗೆ ಇಂಗ್ಲಿಷ್‌ನಲ್ಲಿ ಲೀನ್‌ಟು ಅಂತಾರೆ. ಕಟ್ಟಿಗೆ, ಸೈಕಲ್ ಇಡುವ ಜಾಗ, ನಮ್ಮಲ್ಲಿ ಪ್ರತಿ ಹಂಚಿನ ಮನೆಯ ಹಿಂದೆಯೂ ಒಂದು ಇರುತ್ತದೆ. ಆ ಹಂಚಿನ ಮಾಡಿನ ಇಳಿಜಾರು ಸ್ಲೋಪ್. ಮಳೆ ನೀರು ನಿಲ್ಲಬಾರದಲ್ಲ.

ಟಿಲ್ಟ್ ಅಂದರೆ ಸಮವಾಗಿ ಇರಬೇಕಾದ್ದು ಒಂದು ಬದಿ ಎದ್ದದ್ದು. ಕಾಲು ಗಿಡ್ಡವಾದ ಮೇಜು, ಸೆಲ್ಫಿಗೆ ಓರೆ ಮಾಡಿದ ತಲೆ. ಸ್ಲ್ಯಾಂಟ್ ಹೆಚ್ಚಾಗಿ ಗೆರೆಗೆ, ಬರಹಕ್ಕೆ. ಬಲಕ್ಕೆ ವಾಲಿದ ಕೈಬರಹ. ಅಚ್ಚಿನಲ್ಲಿ ಓರೆ ಅಕ್ಷರಕ್ಕೆ ಇಟಾಲಿಕ್ ಅನ್ನುವುದು ಅದು ಇಟಲಿಯಲ್ಲಿ ಹುಟ್ಟಿದ್ದರಿಂದ. ವೆನಿಸ್‌ನ ಆಲ್ಡಸ್ ಮನೂಷಿಯಸ್ 1501ರಲ್ಲಿ ಅದರಲ್ಲಿ ಇಡೀ ಪುಸ್ತಕವನ್ನೇ ಅಚ್ಚು ಮಾಡಿದ.

ಮಲ್ಪೆಯ ಬೋಟಿಗೆ ಬೇರೆಯೇ ಎರಡು ಪದ. ತಿರುವಿನಲ್ಲಿ ಅಥವಾ ಗಾಳಿಗೆ ಬೋಟು ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾದರೆ ಅದು ಹೀಲ್. ಮೀನು, ಐಸ್ ಎಲ್ಲ ಒಂದೇ ಬದಿಗೆ ತುಂಬಿ, ಅಥವಾ ಒಳಗೆ ನೀರು ಹೊಕ್ಕು, ವಾಲಿದ್ದು ವಾಲಿಯೇ ಉಳಿದರೆ ಅದು ಲಿಸ್ಟ್. ಎರಡನೆಯದು ಸುದ್ದಿಯಾಗುತ್ತದೆ. ಈ ಹೀಲ್‌ಗೂ ಹಿಮ್ಮಡಿಗೂ ಸಂಬಂಧ ಇಲ್ಲ. ಹಳೆ ಇಂಗ್ಲಿಷ್‌ನಲ್ಲಿ ಅದು ಹೀಲ್ಡನ್. ಕೊನೆಯ ಡ ಭೂತಕಾಲದ ಗುರುತು ಅಂತ ಜನ ತಿಳಿದು ಕಿತ್ತುಹಾಕಿದ ಹಾಗಿದೆ.

ಬಯಾಸ್ ಫ್ರೆಂಚ್‌ನಿಂದ ಬಂದದ್ದು, ಮೂಲದಲ್ಲಿ ಓರೆ. ಟೈಲರ್ ಅಂಗಡಿಯಲ್ಲಿ ಬಟ್ಟೆಯನ್ನು ನೂಲಿನ ಗೆರೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಾರಲ್ಲ, ನಾವು ಕ್ರಾಸ್ ಕಟ್ ಅನ್ನುವುದು, ಅದಕ್ಕೆ ಇಂಗ್ಲಿಷ್‌ನಲ್ಲಿ ಇವತ್ತಿಗೂ ಬಯಾಸ್. ಆಮೇಲೆ ಬೌಲ್ಸ್ ಆಟದ ಚೆಂಡು ನೇರ ಉರುಳದೆ ಒಂದು ಕಡೆಗೆ ತಿರುಗುವುದಕ್ಕೂ ಅದೇ ಹೆಸರು. ಅಲ್ಲಿಂದ ಮನುಷ್ಯರ ಪಕ್ಷಪಾತಕ್ಕೆ. ಪರವಾಗಿ ಇದ್ದರೆ ಟುವರ್ಡ್ಸ್, ವಿರುದ್ಧ ಇದ್ದರೆ ಅಗೇನ್ಸ್ಟ್. ಹಿ ಈಸ್ ಬಯಾಸ್ ಅಂತ ಹೇಳಬೇಡಿ, ಬಯಾಸ್ಡ್.

ಹೋಲಿಕೆ ನೋಡಿ ಮೋಸ ಹೋಗಬೇಡಿ

ಕ್ಲ ಇದ್ದ ಮಾತ್ರಕ್ಕೆ ನೆಂಟರಲ್ಲ. ಕ್ಲೈಂಬ್ ಅಂದರೆ ಹತ್ತುವುದು, ಏಣಿಯ ಕ್ಲೈಮ್ಯಾಕ್ಸ್ ಜೊತೆ ಸೇರಿಸಲು ಕೈ ತುರಿಸುತ್ತದೆ. ಆದರೆ ಅದರ ಮೂಲ ಅಂಟಿಕೊಂಡು ಹತ್ತುವುದು, ಬೇರೆ ಬೇರು. ಕ್ಲೀನ್ ಅಂದರೆ ಸ್ವಚ್ಛ, ಅದಕ್ಕೂ ಸಂಬಂಧ ಇಲ್ಲ. ಡೆಡ್‌ಲೈನ್, ಏರ್‌ಲೈನ್‌ನ ಲೈನ್ ಅಗಸೆ ನಾರಿನ ದಾರದಿಂದ ಬಂದದ್ದು.

ಕ್ಲೈಂಟ್ ವಿಷಯದಲ್ಲಿ ವಿದ್ವಾಂಸರೇ ಎರಡು ಪಕ್ಷ. ರೋಮ್‌ನಲ್ಲಿ ದೊಡ್ಡವರ ಆಶ್ರಯದಲ್ಲಿದ್ದು ಬೆಳಿಗ್ಗೆ ಬೆಳಿಗ್ಗೆ ಅವರ ಮನೆಗೆ ನಮಸ್ಕಾರ ಹೇಳಲು ಹೋಗುತ್ತಿದ್ದವನು ಕ್ಲೈಂಟ್. ಒರಗಿ ನಿಂತವನು ಅಂತ ಕೆಲವರು ಹೇಳುತ್ತಾರೆ. ಹೇಳಿದ್ದು ಕೇಳುವವನು ಅಂತ ಇನ್ನು ಕೆಲವರು. ಕೇಳುವ ಬೇರು ನಮ್ಮ ಶ್ರವಣದ ಬೇರೇ, ಇಂಗ್ಲಿಷ್‌ನ ಲೌಡ್ ಕೂಡ ಅಲ್ಲಿಯದೇ. ನನಗೆ ಮೊದಲನೆಯದು ಚಂದ ಕಾಣುತ್ತದೆ, ಆದರೆ ಚಂದ ಅಂತ ನೋಟ್ಸಿನಲ್ಲಿ ಬರೆಯುವ ಹಾಗಿಲ್ಲ. ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ.

ಪರೀಕ್ಷಿಸುವ ದಾರಿ ಸುಲಭ. ಒಳ್ಳೆಯ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥದ ಕೊನೆಗೆ, ಕೆಲವದರಲ್ಲಿ ಶುರುವಿಗೆ, ಪದದ ಮೂಲ ಕೊಟ್ಟಿರುತ್ತಾರೆ. ನಾವು ಹೆಚ್ಚಾಗಿ ಅದನ್ನು ದಾಟಿ ಹೋಗುತ್ತೇವೆ. ದಾಟಬೇಡಿ, ಅಲ್ಲಿ ಬಹುಶಃ ಅನ್ನುವ ಮಾತು ಇದೆಯಾ ಅಂತಲೂ ನೋಡಿ.

ನೋಟ್ ಪುಸ್ತಕದಲ್ಲಿ ಎಡ ಬಲ ಬರೆಯುವುದು ಬಿಟ್ಟು ಒಂದು ಪುಟಕ್ಕೆ ಒಂದು ಬೇರು ಇಡಿ. ನಡುವೆ ಬೇರು, ಸುತ್ತ ಪದಗಳು, ಪ್ರತಿ ಪದದ ಪಕ್ಕ ಒಂದು ಬಾಣ. ರಿಕ್ಲೈನ್‌ಗೆ ಹಿಂದಕ್ಕೆ, ಪ್ರೊಕ್ಲಿವಿಟಿಗೆ ಮುಂದೆ ಕೆಳಕ್ಕೆ, ಕ್ಲೈಮ್ಯಾಕ್ಸ್‌ಗೆ ಮೇಲಕ್ಕೆ. ಬಾಣದ ಕೆಳಗೆ ನಿಮ್ಮದೇ ಊರಿನ ಒಂದು ವಾಕ್ಯ. ನೇತಾಡುವ ಗುಂಪಿಗೆ ಬೇರೆ ಪುಟ, ಮಲಗುವ ಗುಂಪಿಗೆ ಬೇರೆ ಪುಟ.

ಬರೆದಾದ ಮೇಲೆ ಇವನ್ನು ತುಂಬಿ ನೋಡಿ. ಬಂದರಿನಲ್ಲಿ ನಿಂತ ಹಡಗು ನಿನ್ನೆಯಿಂದ ಎಡಕ್ಕೆ ವಾಲಿಯೇ ಇದೆ: ಲಿಸ್ಟ್. ಹೊಸ ಕೆಲಸದ ಆಫರ್ ಬೇಡ ಅಂತ ನಯವಾಗಿ ಹೇಳಿದಳು: ಡಿಕ್ಲೈನ್ಡ್. ಅವರಿಗೆ ಹಳೆ ಕಾರುಗಳ ಶೋಕಿ: ಪೆನ್‌ಚಂಟ್. ಹುಡುಗನಿಗೆ ಸಣ್ಣ ವಿಷಯಕ್ಕೂ ಸುಳ್ಳು ಹೇಳುವ ಸ್ವಭಾವ: ಇಲ್ಲಿ ಪ್ರೊಕ್ಲಿವಿಟಿಯೂ ನಡೆಯುತ್ತದೆ, ಪ್ರೊಪೆನ್ಸಿಟಿಯೂ ನಡೆಯುತ್ತದೆ, ಇನ್‌ಕ್ಲಿನೇಶನ್ ಮಾತ್ರ ಸ್ವಲ್ಪ ಮೆತ್ತಗಾಯಿತು. ಹೋಗುವುದೋ ಬೇಡವೋ ಗೊತ್ತಿಲ್ಲ, ಆದರೆ ಹೋಗೋಣ ಅನಿಸುತ್ತಿದೆ: ಲೀನಿಂಗ್ ಟುವರ್ಡ್ಸ್ ಗೋಯಿಂಗ್. ಟು ಗೋಯಿಂಗ್ ಅಂತ ಬರೆದವರು ಪುನಃ ಬರೆಯಿರಿ.